ಕ್ಯಾಸೆಟ್ ಡಬ್ಬಿ ತಾಗಿಸಿದರೆ ಫೋನ್ ಹಾಡಬೇಕು: ಎನ್‌ಎಫ್‌ಸಿ ಟ್ಯಾಗ್ ಹಚ್ಚುವ ಬಗೆ

ಧಾರವಾಡದ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಕಟ್ಟಿಗೆಯ ಕಪಾಟಿದೆ. ಅದರ ತುಂಬ ಅಪ್ಪ ಮೂವತ್ತು ವರ್ಷ ಕೂಡಿಸಿದ ಕ್ಯಾಸೆಟ್‌ಗಳು. ದಾಸರ ಪದ, ವಚನ, ಭಾವಗೀತೆ, ರಾಜ್‌ಕುಮಾರ್ ಹಾಡು, ನಾಟಕದ ಪದ. ಕೆಳಗಿನ ಸಾಲಿನಲ್ಲಿ ಭೀಮಸೇನ ಜೋಶಿ, ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್. ಟೇಪ್ ರೆಕಾರ್ಡರ್ ಕೆಟ್ಟು, ಅದನ್ನು ರಿಪೇರಿ ಮಾಡುವವರು ಸಿಗದೆ ಎಷ್ಟೋ ವರ್ಷ ಕಳೆದವು. ಹಾಡುಗಳೆಲ್ಲ ಈಗ ಫೋನಿನಲ್ಲಿ ಸಿಗುತ್ತವೆ ಎಂದು ನಾನೇ ಅಪ್ಪನಿಗೆ ಒಳ್ಳೆಯ ಫೋನ್ ಕೊಡಿಸಿದೆ, ಆ್ಯಪ್ ಹಾಕಿಕೊಟ್ಟೆ, ಚಂದಾ ಕಟ್ಟಿದೆ. ಅವರು ಹಾಡು ಕೇಳುವುದನ್ನೇ ಬಿಟ್ಟರು.

ಯಾಕೆ ಎಂದು ಒಂದು ದಿನ ಕೇಳಿದೆ. "ಹಾಡು ಫೋನಿನ್ಯಾಗ ಅದಾವ ಅಂತ ಗೊತ್ತೈತಿ. ಎಲ್ಲಿ ಅದಾವ ಅಂತ ಗೊತ್ತಾಗವಲ್ದು" ಅಂದರು.

ಕಣ್ಣಿಗೆ ಗ್ಲಾಕೋಮಾ ಬಂದು ಅಪ್ಪನಿಗೆ ಸಣ್ಣ ಅಕ್ಷರ ಕಾಣುವುದಿಲ್ಲ. ಆದರೆ ಕಪಾಟಿನ ಮುಂದೆ ನಿಲ್ಲಿಸಿದರೆ ಕೆಳಗಿನ ಸಾಲಿನ ಎಡಗಡೆಗೆ ಮನ್ಸೂರರು ಇದ್ದಾರೆಂದು ಕೈ ತಾನೇ ಹೋಗುತ್ತದೆ. ಆ ಕೈಗೆ ಗೊತ್ತಿರುವುದನ್ನು ಫೋನಿಗೆ ಹೇಗೆ ಕಲಿಸುವುದು? ಹುಡುಕುತ್ತ ಹೋದಾಗ ಸಿಕ್ಕಿದ್ದು ಎನ್‌ಎಫ್‌ಸಿ (ನಿಯರ್ ಫೀಲ್ಡ್ ಕಮ್ಯುನಿಕೇಷನ್, ಅಂದರೆ ತೀರಾ ಹತ್ತಿರದ ಸಂಪರ್ಕ) ಟ್ಯಾಗ್ ಎಂಬ ನಾಣ್ಯದಗಲದ ಸ್ಟಿಕರ್. ಒಂದಕ್ಕೆ ಹೋಟೆಲಿನ ಮಸಾಲೆ ದೋಸೆಯಷ್ಟೂ ಖರ್ಚು ಬೀಳುವುದಿಲ್ಲ. ಕ್ಯಾಸೆಟ್ ಡಬ್ಬಿಯ ಒಳಗೆ ಅದನ್ನು ಅಂಟಿಸಿ ಫೋನಿಗೆ ತಾಗಿಸಿದರೆ ಆ ಕ್ಯಾಸೆಟ್ಟಿನ ಹಾಡೇ ಶುರುವಾಗುತ್ತದೆ. ನಾನು ಮಾಡಿದ ತಪ್ಪುಗಳನ್ನೂ ಸೇರಿಸಿ ಇಡೀ ಕೆಲಸವನ್ನು ಇಲ್ಲಿ ಹಂತ ಹಂತವಾಗಿ ಹೇಳುತ್ತೇನೆ. ಕ್ಯಾಸೆಟ್ ಇಲ್ಲದವರು ರಟ್ಟಿನ ಕಾರ್ಡ್ ಮಾಡಿಕೊಳ್ಳಬಹುದು. ಸಣ್ಣ ಮಕ್ಕಳಿರುವ ಮನೆಗೆ ಅದೇ ಚೆಂದ.

ಈ ಸ್ಟಿಕರಿನೊಳಗೆ ಏನಿದೆ

ಟ್ಯಾಗನ್ನು ಬೆಳಕಿಗೆ ಹಿಡಿದು ನೋಡಿ. ತೆಳುವಾದ ಲೋಹದ ಸುರುಳಿ, ನಡುವೆ ಸಾಸಿವೆಗಿಂತ ಚಿಕ್ಕದೊಂದು ಚಿಪ್. ಬ್ಯಾಟರಿ ಇಲ್ಲ. ಫೋನಿನ ಬೆನ್ನಲ್ಲಿರುವ ಆಂಟೆನಾ 13.56 ಮೆಗಾಹರ್ಟ್ಸ್ ಕಂಪನದ ಅಲೆಯನ್ನು ಹೊರಡಿಸುತ್ತದೆ. ಆ ಅಲೆ ಸುರುಳಿಗೆ ತಾಗಿದಾಗ ಅದರಲ್ಲಿ ಹುಟ್ಟುವ ಚೂರು ವಿದ್ಯುತ್ತಿನಿಂದಲೇ ಚಿಪ್ ಎಚ್ಚರಗೊಂಡು ತನ್ನಲ್ಲಿ ಬರೆದಿರುವುದನ್ನು ಒಪ್ಪಿಸುತ್ತದೆ. ಅಂಗಡಿಯಲ್ಲಿ ಯಂತ್ರಕ್ಕೆ ತಾಗಿಸಿ ಹಣ ಕೊಡುವ ಬ್ಯಾಂಕ್ ಕಾರ್ಡ್ ಕೆಲಸ ಮಾಡುವುದೂ ಇದೇ ಕಂಪನದಲ್ಲಿ. ಫೋನುಗಳಲ್ಲಿ ಇದು ಒಂದೇ ರೀತಿಯಲ್ಲಿ ನಡೆಯಲೆಂದು ನೋಕಿಯಾ, ಫಿಲಿಪ್ಸ್, ಸೋನಿ ಕಂಪನಿಗಳು 2004ರಲ್ಲಿ ಎನ್‌ಎಫ್‌ಸಿ ಫೋರಂ ಕಟ್ಟಿದವು. ತಾಗಿಸುವ ದೂರ ಹೆಚ್ಚೆಂದರೆ ನಾಲ್ಕು ಸೆಂಟಿಮೀಟರ್. ಹಾಗಾಗಿ ಕಪಾಟಿನಲ್ಲಿ ಸಾಲಾಗಿ ನಿಂತ ಇಪ್ಪತ್ತು ಡಬ್ಬಿಗಳ ಮುಂದೆ ಫೋನ್ ಹಿಡಿದು ಓಡಾಡಿದರೂ ಯಾವುದೂ ತಾನಾಗಿ ಹಾಡುವುದಿಲ್ಲ.

ಟ್ಯಾಗಿನಲ್ಲಿ ಹಾಡು ಇರುವುದಿಲ್ಲ. ಇರುವುದು ವಿಳಾಸ ಮಾತ್ರ. ಸಾಮಾನ್ಯವಾಗಿ ಸಿಗುವ ಟ್ಯಾಗಿನಲ್ಲಿ ನಾವು ಬರೆಯಬಹುದಾದ ಜಾಗ 144 ಬೈಟ್. ಸಾಧಾರಣ ಗುಣಮಟ್ಟದ ಎಂಪಿ3 ಸೆಕೆಂಡಿಗೆ 16,000 ಬೈಟ್ ತಿನ್ನುತ್ತದೆ. ಅಂದರೆ ಆ ಟ್ಯಾಗಿನೊಳಗೆ ಒಂದು ಸೆಕೆಂಡಿನ ನೂರನೇ ಒಂದು ಪಾಲಿನಷ್ಟು ಹಾಡೂ ಹಿಡಿಸುವುದಿಲ್ಲ. ಆದರೆ ಒಂದು ಲಿಂಕ್ ಆರಾಮವಾಗಿ ಕೂರುತ್ತದೆ. ಹಾಡು ಬರುವುದು ಇಂಟರ್‌ನೆಟ್ಟಿನಿಂದಲೇ, ಆದ್ದರಿಂದ ಮನೆಯ ವೈಫೈ ನೆಟ್ಟಗಿರಬೇಕು.

ಮೊದಲು ಫೋನನ್ನು ಪರೀಕ್ಷಿಸಿ

ಟ್ಯಾಗ್ ಕೊಳ್ಳುವ ಮೊದಲೇ ಇದನ್ನು ಮಾಡಿ. ನಮ್ಮಲ್ಲಿ ಮಾರಾಟವಾಗುವ ಕಡಿಮೆ ಬೆಲೆಯ ಆಂಡ್ರಾಯ್ಡ್ ಫೋನುಗಳಲ್ಲಿ ಎಷ್ಟೋ ಮಾದರಿಗಳಿಗೆ ಎನ್‌ಎಫ್‌ಸಿಯೇ ಇರುವುದಿಲ್ಲ. ಸೆಟ್ಟಿಂಗ್ಸ್ ತೆರೆದು ಮೇಲಿನ ಹುಡುಕುವ ಜಾಗದಲ್ಲಿ ಎನ್‌ಎಫ್‌ಸಿ ಎಂದು ಇಂಗ್ಲಿಷಿನಲ್ಲಿ ಹೊಡೆಯಿರಿ. ಆಯ್ಕೆ ಕಂಡರೆ ಇದೆ, ಆನ್ ಮಾಡಿ. ಏನೂ ಕಾಣದಿದ್ದರೆ ಇಲ್ಲ. ಅಂಥವರು ಕ್ಯೂಆರ್ ಕೋಡ್ ದಾರಿ ಹಿಡಿಯಬಹುದು, ಅದನ್ನು ಮುಂದೆ ಹೇಳಿದ್ದೇನೆ.

ಐಫೋನಿನಲ್ಲಿ 2018ರ ಎಕ್ಸ್‌ಎಸ್, ಎಕ್ಸ್‌ಆರ್ ಮಾದರಿಗಳಿಂದ ಈಚೆಗಿನವು ಪರದೆ ಎಚ್ಚರವಿದ್ದರೆ ತಾವಾಗಿಯೇ ಟ್ಯಾಗ್ ಓದುತ್ತವೆ. 7, 8 ಮತ್ತು ಎಕ್ಸ್ ಮಾದರಿಗಳಲ್ಲಿ ಕಂಟ್ರೋಲ್ ಸೆಂಟರಿಗೆ ಹೋಗಿ ಎನ್‌ಎಫ್‌ಸಿ ರೀಡರ್ ಗುಂಡಿ ಒತ್ತಬೇಕು. ಅದಕ್ಕೂ ಹಳೆಯದಾದರೆ ಆಗುವುದಿಲ್ಲ.

ಆಂಟೆನಾ ಎಲ್ಲಿದೆ ಎಂದು ತಿಳಿದುಕೊಳ್ಳುವುದು ಅರ್ಧ ಕೆಲಸ. ಐಫೋನಿನಲ್ಲಿ ಅದು ತಲೆಯ ಕಡೆ, ಮೇಲಂಚಿನಲ್ಲಿದೆ. ಆಂಡ್ರಾಯ್ಡ್ ಫೋನುಗಳಲ್ಲಿ ಸಾಮಾನ್ಯವಾಗಿ ಬೆನ್ನಿನ ನಡುಭಾಗದಲ್ಲಿ ಅಥವಾ ಕ್ಯಾಮೆರಾದ ಹತ್ತಿರ. ಬ್ಯಾಂಕಿನ ಟ್ಯಾಪ್ ಕಾರ್ಡನ್ನು ಫೋನಿನ ಬೆನ್ನ ಮೇಲೆ ನಿಧಾನ ಸರಿಸುತ್ತ ಹೋಗಿ. ಫೋನ್ ಎಲ್ಲಿ ನಡುಗುತ್ತದೆಯೋ ಅಥವಾ ಸದ್ದು ಮಾಡುತ್ತದೆಯೋ ಅಲ್ಲಿ ಆಂಟೆನಾ ಇದೆ. ಹಾಗೆಯೇ ಫೋನಿನ ಕವರಿನಲ್ಲಿ ಏನೇನು ಸಿಕ್ಕಿಸಿದ್ದೀರಿ ಎಂದೂ ನೋಡಿ. ಕಾರಿನ ಹೋಲ್ಡರಿಗೆಂದು ಅಂಟಿಸಿದ ಲೋಹದ ಬಿಲ್ಲೆ, ಬೆರಳಿಗೆ ಸಿಕ್ಕಿಸುವ ರಿಂಗ್, ಕವರಿನ ಸಂದಿಯ ಎಟಿಎಂ ಕಾರ್ಡ್ ಎಲ್ಲವೂ ಅಡ್ಡಿಯೇ. ನಾನು ಮೊದಲ ದಿನ ಎರಡು ತಾಸು ಒದ್ದಾಡಿ ಟ್ಯಾಗುಗಳೇ ಕೆಟ್ಟಿವೆ ಎಂದು ಬೈದುಕೊಂಡೆ. ಕೊನೆಗೆ ನೋಡಿದರೆ ಕವರಿನಲ್ಲಿ ನನ್ನದೇ ಕಾರ್ಡ್ ಕೂತಿತ್ತು.

ಯಾವ ಟ್ಯಾಗ್

ಆನ್‌ಲೈನ್ ಅಂಗಡಿಗಳಲ್ಲಿ ಎನ್‌ಟ್ಯಾಗ್ 213, 215, 216 ಎಂದು ಮೂರು ಬಗೆ ಕಾಣುತ್ತವೆ. ಜಾಗ ಮಾತ್ರ ಬೇರೆ: 144, 504, 888 ಬೈಟ್. ನಮ್ಮ ಕೆಲಸಕ್ಕೆ 213 ಸಾಕು. ಸ್ಪಾಟಿಫೈನ ಒಂದು ಆಲ್ಬಂ ಲಿಂಕ್ ಐವತ್ತರ ಆಸುಪಾಸಿನ ಅಕ್ಷರ, ಯೂಟ್ಯೂಬ್ ಮ್ಯೂಸಿಕ್‌ನ ಉದ್ದನೆಯ ಲಿಂಕ್ ಕೂಡ ಎಂಬತ್ತೈದರ ಹತ್ತಿರ. ಹೆಚ್ಚು ದುಡ್ಡು ಕೊಟ್ಟು 216 ತರುವ ಅಗತ್ಯವಿಲ್ಲ.

ಮೈಫೇರ್ ಕ್ಲಾಸಿಕ್ ಎಂದು ಬರೆದ ಟ್ಯಾಗುಗಳನ್ನು, ಎಷ್ಟೇ ಅಗ್ಗವಿದ್ದರೂ, ಕೊಳ್ಳಬೇಡಿ. ಅವು ಬಾಗಿಲು ಬೀಗದ ಕಾರ್ಡುಗಳಿಗೆ ಬಳಸುವಂಥವು. ಎನ್‌ಎಫ್‌ಸಿ ಫೋರಂನ ಕಟ್ಟಳೆಗೆ ಒಳಪಡುವುದಿಲ್ಲ, ಕೆಲವು ಫೋನುಗಳು ಓದುತ್ತವೆ, ಹಲವು ಓದುವುದಿಲ್ಲ. 125 ಕಿಲೋಹರ್ಟ್ಸ್ ಎಂದು ಬರೆದಿದ್ದರೆ ಯಾವ ಫೋನೂ ಓದುವುದಿಲ್ಲ. ಅಳತೆಯಲ್ಲಿ 25 ಮಿಲಿಮೀಟರ್ ಅಗಲದ ದುಂಡನೆಯದು ಒಳ್ಳೆಯದು. ಸುರುಳಿ ದೊಡ್ಡದಿದ್ದಷ್ಟೂ ಫೋನಿಗೆ ಸುಲಭವಾಗಿ ಸಿಗುತ್ತದೆ. ತೀರಾ ಪುಟ್ಟವನ್ನು ಹಿಡಿಯಲು ಕೈ ಸರಿಯಾಗಿ ಕೂರಬೇಕು, ವಯಸ್ಸಾದವರಿಗೆ ಅದು ಕಷ್ಟ.

ಲಿಂಕ್ ಆರಿಸುವುದು

ಇಡೀ ಕೆಲಸದಲ್ಲಿ ನಿಜವಾಗಿ ಯೋಚನೆ ಬೇಕಾಗುವುದು ಇಲ್ಲಿ. ಟ್ಯಾಗ್ ಫೋನಿಗೆ ಹೇಳುವುದು "ಈ ಪುಟ ತೆರೆ" ಎಂದಷ್ಟೇ. ತೆರೆದ ಪುಟ ತಾನಾಗಿ ಹಾಡು ಶುರುಮಾಡುತ್ತದೆಯೋ ಇಲ್ಲವೋ ಎನ್ನುವುದು ಆ ಆ್ಯಪ್ ಮತ್ತು ಲಿಂಕಿನ ಗುಣ.

ಸ್ಪಾಟಿಫೈನಲ್ಲಿ ಆಲ್ಬಂ ಅಥವಾ ಪ್ಲೇಲಿಸ್ಟಿನ ಶೇರ್ ಒತ್ತಿ ಲಿಂಕ್ ನಕಲು ಮಾಡಿಕೊಳ್ಳಬಹುದು. ಅದರ ಕೊನೆಗೆ ಪ್ರಶ್ನೆ ಚಿಹ್ನೆ ಬಂದು ಆಮೇಲೆ ಗೊತ್ತುಗುರಿಯಿಲ್ಲದ ಅಕ್ಷರಗಳು ಇರುತ್ತವೆ. ಆ ಪ್ರಶ್ನೆ ಚಿಹ್ನೆಯಿಂದ ಮುಂದಿನದನ್ನೆಲ್ಲ ಅಳಿಸಿಬಿಡಿ. ಯಾರು ಹಂಚಿದರು ಎಂದು ಕಂಪನಿ ಗುರುತು ಹಿಡಿಯಲು ಇರುವ ಬಾಲ ಅದು, ಹಾಡಿಗೆ ಬೇಕಿಲ್ಲ. ಈ ಲಿಂಕ್ ತಾಗಿಸಿದರೆ ಆಲ್ಬಂ ಪುಟ ತೆರೆಯುತ್ತದೆ, ಆದರೆ ಹಸಿರು ಗುಂಡಿಯನ್ನು ನೀವೇ ಒತ್ತಬೇಕು. ಕಣ್ಣು ಚೆನ್ನಾಗಿರುವವರಿಗೆ ಇದೇನೂ ತೊಂದರೆಯಲ್ಲ. ನಮ್ಮ ಅಪ್ಪನಿಗೆ ಆ ಗುಂಡಿಯೇ ಗೋಡೆಯಾಗಿತ್ತು.

ಅದಕ್ಕೇ ನಮ್ಮ ಮನೆಗೆ ಯೂಟ್ಯೂಬ್ ಮ್ಯೂಸಿಕ್ ಆರಿಸಿಕೊಂಡೆ. ಅದರಲ್ಲೂ ಎರಡು ಬಗೆಯ ಲಿಂಕುಗಳಿವೆ. ಪ್ಲೇಲಿಸ್ಟ್ ಎಂಬ ಪದವಿರುವ ಲಿಂಕ್ ಬರೀ ಪಟ್ಟಿ ತೋರಿಸಿ ಸುಮ್ಮನಾಗುತ್ತದೆ. ವಾಚ್ ಎಂಬ ಪದವಿರುವ ಲಿಂಕ್ ನೇರವಾಗಿ ಹಾಡಲು ತೊಡಗುತ್ತದೆ. ನಮಗೆ ಬೇಕಾದದ್ದು ಎರಡೂ ಕೂಡಿದ್ದು: ಮೊದಲ ಹಾಡಿನಿಂದ ಶುರುವಾಗಿ ಇಡೀ ಪಟ್ಟಿ ಸಾಗುವಂಥದ್ದು. ಫೋನಿನ ಶೇರ್ ಗುಂಡಿ ಅದನ್ನು ಕೊಡುವುದಿಲ್ಲ. ಕಂಪ್ಯೂಟರಿನ ಬ್ರೌಸರಿನಲ್ಲಿ ಯೂಟ್ಯೂಬ್ ಮ್ಯೂಸಿಕ್ ತೆರೆದು, ನಿಮ್ಮ ಪ್ಲೇಲಿಸ್ಟಿಗೆ ಹೋಗಿ, ಮೊದಲ ಹಾಡನ್ನು ಒತ್ತಿ. ಹಾಡು ಶುರುವಾದ ಮೇಲೆ ಮೇಲಿನ ವಿಳಾಸಪಟ್ಟಿಯಲ್ಲಿ ವಾಚ್ ಎಂಬುದೂ, ಮುಂದೆ ಲಿಸ್ಟ್ ಎಂಬುದೂ ಇರುವ ಉದ್ದನೆಯ ಲಿಂಕ್ ಕಾಣುತ್ತದೆ. ಅದನ್ನು ನಕಲು ಮಾಡಿ ವಾಟ್ಸ್ಆ್ಯಪ್‌ನಲ್ಲಿ ನಿಮಗೆ ನೀವೇ ಕಳಿಸಿಕೊಳ್ಳಿ. ಪ್ಲೇಲಿಸ್ಟ್ ನಿಮ್ಮದಾದರೆ ಅದರ ಸೆಟ್ಟಿಂಗಿನಲ್ಲಿ ಪ್ರೈವೇಟ್ ಬದಲು ಅನ್‌ಲಿಸ್ಟೆಡ್ ಇರಲಿ. ಇಲ್ಲದಿದ್ದರೆ ಬೇರೆ ಖಾತೆಯ ಫೋನಿನಲ್ಲಿ ತೆರೆಯುವುದಿಲ್ಲ.

ಒಂದು ಎಚ್ಚರಿಕೆ: ಯೂಟ್ಯೂಬಿನ ಉಚಿತ ಖಾತೆಯಲ್ಲಿ ಪರದೆ ಆರಿದೊಡನೆ ಹಾಡೂ ನಿಲ್ಲುತ್ತದೆ, ನಡುನಡುವೆ ಜಾಹೀರಾತು ಬರುತ್ತದೆ. ತೋಡಿ ರಾಗದ ಆಲಾಪದ ನಡುವೆ ಡಿಟರ್ಜೆಂಟ್ ಜಾಹೀರಾತು ನುಗ್ಗಿದರೆ ಕೇಳುವ ಮನಸ್ಸೇ ಮುರಿಯುತ್ತದೆ. ದಿನವೂ ಕೇಳುವವರಿದ್ದರೆ ಚಂದಾ ಕಟ್ಟುವುದು ವಾಸಿ.

ಇದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಟ್ಯಾಗಿಗೆ ಕಂಪನಿಯ ಆಲ್ಬಂ ಲಿಂಕ್ ಬರೆಯುವ ಬದಲು ನೀವೇ ಮಾಡಿದ ಪ್ಲೇಲಿಸ್ಟಿನ ಲಿಂಕ್ ಬರೆಯಿರಿ. ಕಂಪನಿಗಳ ನಡುವಿನ ಒಪ್ಪಂದ ಮುರಿದರೆ ಹಾಡುಗಳು ರಾತ್ರೋರಾತ್ರಿ ಮಾಯವಾಗುತ್ತವೆ. 2023ರ ಮಾರ್ಚ್‌ನಲ್ಲಿ ಜೀ ಮ್ಯೂಸಿಕ್‌ನ ಹಾಡುಗಳು ಸ್ಪಾಟಿಫೈನಿಂದ ಹಾಗೆಯೇ ಹೋದವು. ಪ್ಲೇಲಿಸ್ಟ್ ನಿಮ್ಮದಾದರೆ ಹೋದ ಹಾಡಿನ ಜಾಗಕ್ಕೆ ಬೇರೆಯವರು ಏರಿಸಿದ ಅದೇ ಹಾಡನ್ನು ಸೇರಿಸಿದರಾಯಿತು, ಟ್ಯಾಗ್ ಮುಟ್ಟಬೇಕಿಲ್ಲ. ನಾನು ಬೆಂಗಳೂರಿನಲ್ಲಿ ಕೂತು ಪ್ಲೇಲಿಸ್ಟಿಗೆ ಹೊಸ ಹಾಡು ಹಾಕಿದರೆ ಧಾರವಾಡದ ಡಬ್ಬಿಯಲ್ಲಿ ಅದು ಕೇಳುತ್ತದೆ. ಒಂದೇ ಗಮನ: ಲಿಂಕಿನಲ್ಲಿ ಹೆಸರಿಸಿದ ಆ ಮೊದಲ ಹಾಡು ಮಾತ್ರ ಪಟ್ಟಿಯಲ್ಲಿ ಇರಬೇಕು. ಅದೇ ಮಾಯವಾದರೆ ಟ್ಯಾಗನ್ನು ಹೊಸದಾಗಿ ಬರೆಯಬೇಕಾಗುತ್ತದೆ.

ಟ್ಯಾಗಿಗೆ ಬರೆಯುವುದು

ಪ್ಲೇಸ್ಟೋರ್ ಅಥವಾ ಆ್ಯಪ್‌ಸ್ಟೋರಿನಿಂದ ಎನ್‌ಎಫ್‌ಸಿ ಟೂಲ್ಸ್ ಎಂಬ ಆ್ಯಪ್ ಇಳಿಸಿಕೊಳ್ಳಿ. ಉಚಿತ ಆವೃತ್ತಿ ಸಾಕು.

1. ಆ್ಯಪ್ ತೆರೆದು ರೈಟ್ ಎಂಬ ವಿಭಾಗಕ್ಕೆ ಹೋಗಿ.
2. ಆ್ಯಡ್ ಎ ರೆಕಾರ್ಡ್ ಒತ್ತಿ, ಬರುವ ಪಟ್ಟಿಯಲ್ಲಿ ಯುಆರ್‌ಎಲ್ ಆರಿಸಿ.
3. ನಕಲು ಮಾಡಿದ ಲಿಂಕನ್ನು ಅಂಟಿಸಿ. ಮುಂದಿನ ಎಚ್‌ಟಿಟಿಪಿಎಸ್ ಭಾಗವನ್ನು ಆ್ಯಪ್ ಬೇರೆಯಾಗಿ ತೋರಿಸುತ್ತಿದ್ದರೆ ಅದು ಎರಡು ಸಲ ಬರದಂತೆ ನೋಡಿಕೊಳ್ಳಿ. ನನ್ನ ಮೊದಲ ನಾಲ್ಕು ಟ್ಯಾಗುಗಳು ಕೆಟ್ಟದ್ದು ಇದರಿಂದಲೇ.
4. ಓಕೆ ಕೊಟ್ಟು ರೈಟ್ ಒತ್ತಿ. ಫೋನ್ ಟ್ಯಾಗಿಗಾಗಿ ಕಾಯತೊಡಗುತ್ತದೆ.
5. ಆಂಟೆನಾ ಇರುವ ಕಡೆ ಟ್ಯಾಗ್ ಹಿಡಿದು, ಬರೆದಾಯಿತು ಎಂಬ ಸಂದೇಶ ಬರುವವರೆಗೆ ಅಲುಗಾಡಿಸಬೇಡಿ. ಒಂದು ಸೆಕೆಂಡಿನ ಕೆಲಸ.

ಈಗ ಆ್ಯಪಿನಿಂದ ಹೊರಗೆ ಬಂದು, ಮುಖಪರದೆಯಲ್ಲಿ ನಿಂತು, ಟ್ಯಾಗನ್ನು ತಾಗಿಸಿ. ಹಾಡಿನ ಆ್ಯಪ್ ಬದಲು ಬ್ರೌಸರ್ ತೆರೆದುಕೊಂಡರೆ ಗಾಬರಿಯಾಗಬೇಡಿ. ಸೆಟ್ಟಿಂಗ್ಸ್‌ನ ಆ್ಯಪ್ಸ್ ವಿಭಾಗಕ್ಕೆ ಹೋಗಿ, ಹಾಡಿನ ಆ್ಯಪ್ ಆರಿಸಿ, ಓಪನ್ ಬೈ ಡಿಫಾಲ್ಟ್ ಎಂಬಲ್ಲಿ ಸಪೋರ್ಟೆಡ್ ಲಿಂಕ್ಸ್ ಆನ್ ಮಾಡಿದರೆ ಮುಂದಿನ ಸಲದಿಂದ ಸರಿಹೋಗುತ್ತದೆ.

ಎಲ್ಲ ಟ್ಯಾಗುಗಳನ್ನೂ ಒಂದೇ ದಿನ ಬರೆಯಲು ಹೋಗಬೇಡಿ. ಮೂರು ಬರೆದು, ಮನೆಯವರು ಒಂದು ವಾರ ಬಳಸಲಿ. ಯಾವುದು ಹಿಡಿಸಿತು, ಎಲ್ಲಿ ತೊಡಕಾಯಿತು ಎಂದು ಗೊತ್ತಾದ ಮೇಲೆ ಉಳಿದವು. ಈ ಟ್ಯಾಗುಗಳಿಗೆ ತಯಾರಕರು ಹೇಳುವ ಬಾಳಿಕೆ ಒಂದು ಲಕ್ಷ ಸಲ ಬರೆಯುವಷ್ಟು, ಬರೆದದ್ದು ಹತ್ತು ವರ್ಷ ಉಳಿಯುವಷ್ಟು. ಅಳಿಸಿ ಬರೆಯಲು ಹೆದರಬೇಕಿಲ್ಲ.

ಅಂಟಿಸುವ ಜಾಗ

ಲೋಹವೇ ಟ್ಯಾಗಿನ ಶತ್ರು. ಸ್ಟೀಲ್ ಡಬ್ಬಿ, ಕಬ್ಬಿಣದ ಬೀರು, ಫ್ರಿಜ್ ಬಾಗಿಲು, ಇವುಗಳ ಮೇಲೆ ನೇರವಾಗಿ ಅಂಟಿಸಿದರೆ ಫೋನ್ ಹೊರಡಿಸುವ ಅಲೆಯನ್ನು ಲೋಹ ನುಂಗಿಬಿಡುತ್ತದೆ, ಟ್ಯಾಗಿಗೆ ಏನೂ ಉಳಿಯುವುದಿಲ್ಲ. ಲೋಹದ ಮೇಲೆ ಅಂಟಿಸಲೇಬೇಕಾದರೆ ಆ್ಯಂಟಿ ಮೆಟಲ್ ಎಂದು ಬರೆದ, ಹಿಂದೆ ಕಪ್ಪು ಫೆರೈಟ್ ಪದರವಿರುವ ಟ್ಯಾಗ್ ಕೊಳ್ಳಿ. ಸಿಡಿಗಳಲ್ಲಿ ಅಲ್ಯೂಮಿನಿಯಂ ಪದರ ಇರುವುದರಿಂದ ಸಿಡಿ ಡಬ್ಬಿ ಬಳಸುವವರು ತಟ್ಟೆಯನ್ನು ಬೇರೆ ಎತ್ತಿಟ್ಟು ಖಾಲಿ ಡಬ್ಬಿಗೆ ಅಂಟಿಸುವುದು ಒಳ್ಳೆಯದು.

ಕ್ಯಾಸೆಟ್ ಡಬ್ಬಿ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಪ್ಲಾಸ್ಟಿಕ್, ತೆಳು, ಕೈಗೆ ಸರಿಯಾಗಿ ಕೂರುತ್ತದೆ. ಮುಂದಿನ ಚಿತ್ರದ ಕಾಗದವನ್ನು ಮೆಲ್ಲಗೆ ಹೊರತೆಗೆದು, ಅದರ ಹಿಂದೆ, ನಟ್ಟನಡುವೆ ಟ್ಯಾಗ್ ಅಂಟಿಸಿ, ಮತ್ತೆ ಒಳಗೆ ಸೇರಿಸಿದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಹಳೆಯ ಕಾಗದ ಮಡಿಕೆಯಲ್ಲಿ ಹರಿಯುತ್ತದೆ, ಜೋಪಾನ. ಡಬ್ಬಿಯ ಚಿತ್ರವಿರುವ ಮುಖ ಫೋನಿನ ಕಡೆ ಬರಬೇಕು ಎಂಬುದೊಂದನ್ನು ಎಲ್ಲರಿಗೂ ಹೇಳಿಕೊಡಿ.

ಕಣ್ಣು ಮಂಜಾದವರಿಗಾಗಿ ಮಾಡಿದರೆ ಬೆರಳಿಗೆ ಗುರುತು ಸಿಗಬೇಕು. ಅಮ್ಮನ ಹಳೆಯ ಇಳಕಲ್ ಸೀರೆಯ ಸೆರಗಿನ ಚೂರನ್ನು ಗಂಗೂಬಾಯಿಯವರ ಡಬ್ಬಿಯ ಬೆನ್ನಿಗೆ ಅಂಟಿಸಿದೆವು. ವಚನದ ಡಬ್ಬಿಗೆ ಒಂದು ರುದ್ರಾಕ್ಷಿ ಮಣಿ, ನಾಟಕದ ಪದಗಳಿಗೆ ಒಂದು ಗೆಜ್ಜೆ. ಗೆಜ್ಜೆ ಲೋಹವಾದ್ದರಿಂದ ಡಬ್ಬಿಯ ತುದಿಗೆ, ಟ್ಯಾಗಿನಿಂದ ದೂರ ಕಟ್ಟಿದ್ದೇವೆ.

ಹಳೆಯ ಫೋನೇ ಟೇಪ್ ರೆಕಾರ್ಡರ್

ಇಷ್ಟೆಲ್ಲ ಮಾಡಿದರೂ ಅಪ್ಪನಿಗೆ ಇನ್ನೂ ಒಂದು ತೊಡಕು ಉಳಿದಿತ್ತು. ಆಂಡ್ರಾಯ್ಡ್ ಫೋನ್ ಪರದೆ ಆರಿದ್ದರೆ, ಬೀಗ ಬಿದ್ದಿದ್ದರೆ ಟ್ಯಾಗ್ ಓದುವುದಿಲ್ಲ. ಇದು ಸುರಕ್ಷತೆಗಾಗಿ ಇರುವ ನಿಯಮ, ಸರಿಯಾದದ್ದೇ. ಆದರೆ ಹಾಡು ಕೇಳಬೇಕೆಂದಾಗಲೆಲ್ಲ ಫೋನ್ ಹುಡುಕಿ, ಬೀಗ ತೆಗೆದು, ಬೆನ್ನು ತಿರುಗಿಸಿ ತಾಗಿಸಬೇಕು. ನಡುವೆ ಯಾರದೋ ಕರೆ ಬಂದರೆ ಹಾಡು ನಿಂತುಹೋಗುತ್ತದೆ.

ಹಾಗಾಗಿ ನನ್ನ ಹಳೆಯ ಫೋನೊಂದನ್ನು ಹಾಡಿಗೇ ಮೀಸಲಿಟ್ಟೆ. ಎನ್‌ಎಫ್‌ಸಿ ಇರುವ ಯಾವುದೇ ಹಳೆಯ ಆಂಡ್ರಾಯ್ಡ್ ಆಗುತ್ತದೆ. ಪರದೆ ಒಡೆದಿದ್ದರೂ ನಡೆಯುತ್ತದೆ.

ಫೋನನ್ನು ಪೂರ್ತಿ ರೀಸೆಟ್ ಮಾಡಿ. ಸಿಮ್ ಬೇಡ, ಬ್ಯಾಂಕ್ ಆ್ಯಪ್ ಬೇಡ, ಹಣ ಕಳಿಸುವ ಯಾವ ಆ್ಯಪೂ ಬೇಡ. ಹಾಡಿಗಾಗಿಯೇ ಒಂದು ಹೊಸ ಗೂಗಲ್ ಖಾತೆ ಮಾಡಿ ಹಾಕಿ. ಇಷ್ಟಾದ ಮೇಲೆ ಸ್ಕ್ರೀನ್ ಲಾಕ್ ಎಂಬಲ್ಲಿ ನನ್ (ಬೀಗ ಬೇಡ) ಆರಿಸಿ. ಬೀಗವಿಲ್ಲದ ಫೋನಿನಲ್ಲಿ ಕದಿಯಲು ಏನೂ ಇರಬಾರದು. ಅದಕ್ಕೇ ಈ ಕ್ರಮ ತಪ್ಪಿಸಬೇಡಿ.

ಸೆಟ್ಟಿಂಗ್ಸ್‌ನ ಅಬೌಟ್ ಫೋನ್ ವಿಭಾಗದಲ್ಲಿ ಬಿಲ್ಡ್ ನಂಬರ್ ಎಂಬುದನ್ನು ಏಳು ಸಲ ಒತ್ತಿದರೆ ಡೆವಲಪರ್ ಆಪ್ಷನ್ಸ್ ತೆರೆಯುತ್ತದೆ. ಅದರಲ್ಲಿ ಸ್ಟೇ ಅವೇಕ್ ಆನ್ ಮಾಡಿ. ಚಾರ್ಜ್ ಆಗುತ್ತಿರುವಷ್ಟು ಹೊತ್ತು ಪರದೆ ಆರುವುದಿಲ್ಲ. ಪರದೆಯ ಬೆಳಕನ್ನು ತೀರಾ ಕಡಿಮೆ ಮಾಡಿ. ಜೇಬಿನಲ್ಲಿದ್ದಾಗ ಪರದೆ ಆರಿಸುವ ಪಾಕೆಟ್ ಮೋಡ್ ಇದ್ದರೆ ಅದನ್ನು ತೆಗೆದುಬಿಡಿ.

ಬಡಗಿಯ ಹತ್ತಿರ ಒಂದು ಸಣ್ಣ ಕಟ್ಟಿಗೆಯ ತಟ್ಟೆ ಮಾಡಿಸಿ, ಒಳಗೆ ಮೆತ್ತನೆಯ ಬಟ್ಟೆ ಹಾಸಿ, ಫೋನನ್ನು ಬೋರಲು ಮಲಗಿಸಿದೆ. ಬೆನ್ನು ಮೇಲೆ. ಆಂಟೆನಾ ಇರುವ ಜಾಗದ ಸುತ್ತ ಡಬ್ಬಿ ಸರಿಯಾಗಿ ಕೂರಲು ಸಣ್ಣ ಅಂಚು. ಅದರ ಪಕ್ಕ ಬ್ಲೂಟೂತ್ ಸ್ಪೀಕರ್. ಫೋನೂ ಸ್ಪೀಕರೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿ. ಬೋರ್ಡಿನ ಸ್ವಿಚ್ ಹಾಕಿದರೆ ಫೋನ್ ಚಾರ್ಜ್ ಆಗತೊಡಗಿ ಪರದೆ ಎಚ್ಚರವಾಗುತ್ತದೆ. ಡಬ್ಬಿಯನ್ನು ತಟ್ಟೆಯ ಮೇಲೆ ಇಟ್ಟು, ಟಿಣ್ ಎಂದ ಕೂಡಲೇ ಎತ್ತಿಡಬೇಕು, ಅಷ್ಟೇ. ಅಲ್ಲೇ ಬಿಟ್ಟರೆ ಫೋನ್ ಮತ್ತೆ ಓದಿ ಹಾಡು ಮೊದಲಿನಿಂದ ಶುರುವಾಗುವ ಸಾಧ್ಯತೆ ಇದೆ. ಬೇರೆ ಹಾಡು ಬೇಕೆಂದರೆ ಬೇರೆ ಡಬ್ಬಿ. ಸಾಕೆಂದರೆ ಸ್ವಿಚ್ ಆರಿಸಿ; ಸ್ಪೀಕರ್ ಕರೆಂಟಿನಿಂದಲೇ ನಡೆಯುವಂಥದ್ದಾದರೆ ಅದೂ ಆರುತ್ತದೆ. ನಮ್ಮದು ಅಂಥದ್ದೇ.

ಸ್ವಿಚ್ ಆರಿಸುವ ಅಭ್ಯಾಸ ಇನ್ನೊಂದು ಕಾರಣಕ್ಕೂ ಬೇಕು. ಹಳೆಯ ಫೋನನ್ನು ಹಗಲಿರುಳು ಚಾರ್ಜಿಗೆ ಹಾಕಿಟ್ಟರೆ ಬ್ಯಾಟರಿ ಉಬ್ಬಬಹುದು, ಅದು ಅಪಾಯ. ತಿಂಗಳಿಗೊಮ್ಮೆ ಫೋನನ್ನು ಎತ್ತಿ ನೋಡಿ. ಬೆನ್ನು ಚೂರು ಉಬ್ಬಿದ್ದರೂ ಆ ಫೋನ್ ಬಳಸಬೇಡಿ.

ಮೊದಲ ದಿನ ಅಪ್ಪ ಮನ್ಸೂರರ ಡಬ್ಬಿಯನ್ನು ತಾವೇ ಕಪಾಟಿನಿಂದ ತೆಗೆದು ಇಟ್ಟರು. ದನಿ ಹೊರಟಿತು. "ಕ್ಯಾಸೆಟ್ ಹಾಕಿಧಂಗ ಆತ ನೋಡಪಾ. ಬಿ ಸೈಡ್ ತಿರುವಿ ಹಾಕೋ ಕೆಲಸಾನೂ ಇಲ್ಲ" ಅಂದರು.

ಐಫೋನ್ ಇದ್ದವರಿಗೆ

ಐಫೋನಿನಲ್ಲಿ ಲಿಂಕ್ ಬರೆದ ಟ್ಯಾಗ್ ತಾಗಿಸಿದರೆ ಮೇಲ್ಗಡೆ ಒಂದು ಸೂಚನೆ ಬರುತ್ತದೆ, ಅದನ್ನು ಒತ್ತಿದ ಮೇಲೆ ಆ್ಯಪ್ ತೆರೆಯುತ್ತದೆ. ಈ ಒತ್ತುವಿಕೆ ಬೇಡವೆಂದರೆ ಶಾರ್ಟ್‌ಕಟ್ಸ್ ಆ್ಯಪ್ ಬಳಸಿ. ಆಟೊಮೇಷನ್ ವಿಭಾಗದಲ್ಲಿ ಹೊಸದನ್ನು ಸೇರಿಸಿ, ಎನ್‌ಎಫ್‌ಸಿ ಆರಿಸಿ, ಸ್ಕ್ಯಾನ್ ಒತ್ತಿ ಟ್ಯಾಗ್ ತಾಗಿಸಿ ಅದಕ್ಕೊಂದು ಹೆಸರಿಡಿ. ರನ್ ಇಮ್ಮೀಡಿಯೇಟ್ಲಿ ಆರಿಸುವುದನ್ನು ಮರೆಯಬೇಡಿ. ಆಮೇಲೆ ಕೆಲಸಗಳನ್ನು ಜೋಡಿಸಿ: ಸೆಟ್ ವಾಲ್ಯೂಮ್, ಪ್ಲೇ ಮ್ಯೂಸಿಕ್. ಆ್ಯಪಲ್ ಮ್ಯೂಸಿಕ್ ಬಳಸುವವರಿಗೆ ಇದು ಬಹಳ ಸೊಗಸಾಗಿ ನಡೆಯುತ್ತದೆ, ತಾಗಿಸಿದೊಡನೆ ಹಾಡು.

ಇಲ್ಲಿ ಟ್ಯಾಗಿಗೆ ಏನೂ ಬರೆಯಬೇಕಿಲ್ಲ. ಪ್ರತಿ ಟ್ಯಾಗಿಗೂ ಕಾರ್ಖಾನೆಯಲ್ಲೇ ಕೊಟ್ಟ ಒಂದು ಗುರುತಿನ ಸಂಖ್ಯೆ ಇರುತ್ತದೆ, ಐಫೋನ್ ಅದನ್ನೇ ನೆನಪಿಟ್ಟುಕೊಳ್ಳುತ್ತದೆ. ಆದರೆ ಆ ನೆನಪು ಆ ಒಂದು ಫೋನಿನದು ಮಾತ್ರ. ಮನೆಯ ಬೇರೆಯವರ ಫೋನಿಗೆ ಅದು ಖಾಲಿ ಟ್ಯಾಗ್. ಹಾಗಾಗಿ ಒಬ್ಬರೇ ಬಳಸುವುದಾದರೆ ಶಾರ್ಟ್‌ಕಟ್ಸ್, ಎಲ್ಲರೂ ಬಳಸುವುದಾದರೆ ಲಿಂಕ್.

ಬೀಗ ಹಾಕಬೇಕೆ

ಎನ್‌ಎಫ್‌ಸಿ ಟೂಲ್ಸ್‌ನಲ್ಲಿ ಟ್ಯಾಗನ್ನು ಲಾಕ್ ಮಾಡುವ ಆಯ್ಕೆ ಇದೆ. ಒಮ್ಮೆ ಲಾಕ್ ಮಾಡಿದರೆ ಮುಗಿಯಿತು, ನೀವೂ ಮತ್ತೆ ಬರೆಯಲಾರಿರಿ. ಮನೆಯೊಳಗಿನ ಟ್ಯಾಗಿಗೆ ನಾನು ಬೀಗ ಹಾಕುವುದಿಲ್ಲ. ಹಾಡಿನ ಕಂಪನಿಗಳು ಬಾಳುವ ಬಗೆ ನೋಡಿದರೆ ಹಾಕದಿರುವುದೇ ಜಾಣತನ: 2024ರಲ್ಲಿ ವಿಂಕ್ ಮ್ಯೂಸಿಕ್ ಮುಚ್ಚುವುದಾಗಿ ಏರ್‌ಟೆಲ್ ಹೇಳಿದಾಗ ಅದರ ಲಿಂಕುಗಳನ್ನು ಲಾಕ್ ಮಾಡಿಟ್ಟವರಿಗೆ ಉಳಿದದ್ದು ಬರೀ ಸ್ಟಿಕರ್. ಅಂಗಡಿ, ಗ್ರಂಥಾಲಯದಂಥ ಹೊರಗಿನ ಜಾಗದಲ್ಲಿ ಅಂಟಿಸುವುದಾದರೆ ಮಾತ್ರ ಲಾಕ್ ಮಾಡಿ. ಇಲ್ಲದಿದ್ದರೆ ಹೋಗಿಬರುವ ಯಾರಾದರೂ ನಿಮ್ಮ ಲಿಂಕ್ ಅಳಿಸಿ ಕೆಟ್ಟ ಲಿಂಕ್ ತುಂಬಬಹುದು. ಇದೇ ಕಾರಣಕ್ಕೆ, ಯಾರು ಅಂಟಿಸಿದ್ದೆಂದು ಗೊತ್ತಿಲ್ಲದ ಟ್ಯಾಗ್ ಬೀದಿಯಲ್ಲಿ ಕಂಡರೆ ನಿಮ್ಮ ಫೋನ್ ತಾಗಿಸಬೇಡಿ.

ಎನ್‌ಎಫ್‌ಸಿ ಇಲ್ಲದಿದ್ದರೆ

ಅದೇ ಲಿಂಕನ್ನು ಕ್ಯೂಆರ್ ಕೋಡ್ ಮಾಡಿ ಮುದ್ರಿಸಿ ಡಬ್ಬಿಯ ಹಿಂದೆ ಅಂಟಿಸಬಹುದು. ಜಪಾನಿನ ಡೆನ್ಸೊ ವೇವ್ ಕಂಪನಿ 1994ರಲ್ಲಿ ಕಾರಿನ ಬಿಡಿಭಾಗಗಳ ಲೆಕ್ಕಕ್ಕೆಂದು ಮಾಡಿದ ಈ ಚೌಕವನ್ನು ಈಗ ತರಕಾರಿ ಗಾಡಿಯಲ್ಲೂ ನೋಡುತ್ತೇವೆ. ಬಳಕೆ ಯಾರಿಗೂ ಹೇಳಿಕೊಡಬೇಕಿಲ್ಲ. ಕ್ರೋಮ್ ಬ್ರೌಸರಿನಲ್ಲಿ ಪುಟವನ್ನು ಶೇರ್ ಮಾಡುವಾಗ ಕ್ಯೂಆರ್ ಕೋಡ್ ಮಾಡುವ ಆಯ್ಕೆ ಸಿಗುತ್ತದೆ. ಎರಡು ಸೆಂಟಿಮೀಟರಿಗಿಂತ ಚಿಕ್ಕದು ಮಾಡಬೇಡಿ. ಕ್ಯಾಮೆರಾ ತೆರೆದು, ಹಿಡಿದು, ಬಂದ ಲಿಂಕನ್ನು ಒತ್ತಬೇಕು. ಟ್ಯಾಗಿನಷ್ಟು ಸಲೀಸಲ್ಲ, ಕತ್ತಲಲ್ಲಿ ನಡೆಯುವುದಿಲ್ಲ, ಆದರೆ ಹೊಸ ಫೋನ್ ಕೊಳ್ಳುವ ಖರ್ಚಿಲ್ಲ. ನಾನು ಎಲ್ಲ ಡಬ್ಬಿಗಳ ಹಿಂದೆಯೂ ಇದನ್ನು ಅಂಟಿಸಿದ್ದೇನೆ. ಬಂದ ನೆಂಟರು ತಮ್ಮ ಫೋನಿನಲ್ಲಿ ಅದೇ ಹಾಡು ಒಯ್ಯುತ್ತಾರೆ.

ಎಲ್ಲೂ ಸಿಗದ ಕ್ಯಾಸೆಟ್‌ಗಳು

ಕಪಾಟಿನ ಕೆಳಗಿನ ಮೂಲೆಯಲ್ಲಿ ಚಿತ್ರವಿಲ್ಲದ, ಪೆನ್ನಿನಲ್ಲಿ ಹೆಸರು ಬರೆದ ಕೆಲವು ಕ್ಯಾಸೆಟ್‌ಗಳಿವೆ. ಯಾವ ಕಂಪನಿಯ ಪಟ್ಟಿಯಲ್ಲೂ ಅವು ಇಲ್ಲ. ಅದರಲ್ಲಿ ಒಂದು, ನಮ್ಮ ಅಜ್ಜಿ ಬೀಸುವ ಪದ ಹಾಡಿದ್ದು. ಅಪ್ಪ ಸಾಲ ಮಾಡಿ ತಂದ ಟೇಪ್ ರೆಕಾರ್ಡರಿನಲ್ಲಿ ಮೊದಲು ರೆಕಾರ್ಡ್ ಮಾಡಿದ್ದೇ ಅದನ್ನು.

ಇಂಥವನ್ನು ಹೀಗೆ ಮಾಡಬಹುದು. ಯಾರಿಂದಲಾದರೂ ನಡೆಯುವ ಟೇಪ್ ರೆಕಾರ್ಡರ್ ಎರವಲು ತನ್ನಿ. ಕ್ಯಾಸೆಟ್ಟನ್ನು ಹಾಕುವ ಮೊದಲು ಪೆನ್ಸಿಲಿನಿಂದ ಚಕ್ರ ತಿರುಗಿಸಿ ಟೇಪ್ ಅಂಟಿಕೊಂಡಿಲ್ಲವೆಂದು ನೋಡಿಕೊಳ್ಳಿ. ಇಯರ್‌ಫೋನ್ ತೂತಿನಿಂದ ಕಂಪ್ಯೂಟರಿನ ಮೈಕ್ ಅಥವಾ ಲೈನ್ ತೂತಿಗೆ ಕೇಬಲ್ ಜೋಡಿಸಿ, ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ರೆಕಾರ್ಡ್ ಮಾಡಿ. ದನಿ ಒಡೆಯದಂತೆ ಟೇಪಿನ ವಾಲ್ಯೂಮ್ ಕಡಿಮೆಯಿಂದ ಶುರುಮಾಡಿ ಏರಿಸಿ. ಗುಸುಗುಸು ಸದ್ದನ್ನು ಪೂರ್ತಿ ತೆಗೆಯಲು ಹೋಗಬೇಡಿ. ಅದರ ಜೊತೆ ದನಿಯ ಜೀವವೂ ಹೋಗುತ್ತದೆ. ಬಂದ ಫೈಲಿಗೆ ಒಂದು ಫೋಟೊ ಸೇರಿಸಿ ವಿಡಿಯೊ ಮಾಡಿ, ಯೂಟ್ಯೂಬಿಗೆ ಏರಿಸುವಾಗ ಅನ್‌ಲಿಸ್ಟೆಡ್ ಆರಿಸಿ. ಹುಡುಕಿದವರಿಗೆ ಅದು ಸಿಗುವುದಿಲ್ಲ, ಲಿಂಕ್ ಇದ್ದವರಿಗೆ ಮಾತ್ರ ತೆರೆಯುತ್ತದೆ. ನಿಮ್ಮ ಮನೆಯವರೇ ಹಾಡಿದ್ದನ್ನು ಮಾತ್ರ ಹೀಗೆ ಮಾಡಿ. ರೇಡಿಯೊದಿಂದ ಹಿಡಿದುಕೊಂಡದ್ದರ ಹಕ್ಕು ಬೇರೆಯವರದು, ಅದನ್ನು ಏರಿಸುವಂತಿಲ್ಲ. ಮೂಲ ಫೈಲನ್ನು ಇನ್ನೆರಡು ಕಡೆ ಪ್ರತಿ ಮಾಡಿಡಿ.

ಅಜ್ಜಿಯ ಕ್ಯಾಸೆಟ್ಟಿಗೆ ಟ್ಯಾಗ್ ಹಚ್ಚಿ ತಟ್ಟೆಯ ಮೇಲೆ ಇಟ್ಟಾಗ ಮೊದಲು ಕೇಳಿದ್ದು ಬೀಸುವ ಕಲ್ಲಿನ ಗರಗರ. ಆಮೇಲೆ ಅಜ್ಜಿಯ ದನಿ. ಅದಾದ ಮೇಲೆ, ಹಿಂದೆ ಎಲ್ಲೋ, "ಜೋರ ಹಾಡವ್ವಾ, ಕೇಳವಲ್ದು" ಎಂದ ಒಬ್ಬ ಹರೆಯದ ಹುಡುಗನ ದನಿ. ಅಪ್ಪ ಸ್ಪೀಕರಿನ ಹತ್ತಿರ ಕುರ್ಚಿ ಎಳೆದುಕೊಂಡು ಕೂತರು.